ಹಿಪ್ಪುನೇರಳೆ ಕಡ್ಡಿಯ ನೀಲಿ ಉರಿ

"ನಿಮ್ಮ ಕಡ್ಡಿನೂ ನಿಮ್ಮಷ್ಟೇ ಮೊಂಡು," ಎಂದಳು ಗಂಗರತ್ನ, ನಗದೆ.

ಸೊಣ್ಣಪ್ಪನಿಗೆ ಆ ನಗದ ಮುಖವೂ ಇಷ್ಟವೇ. ಬಂಗಾರಪೇಟೆ ಪಕ್ಕದ ಊರಿನಲ್ಲಿ ರೇಷ್ಮೆ ಹುಳು ಸಾಕುವ ಅವನು, ಹುಳು ಮೇದುಳಿದ ಹಿಪ್ಪುನೇರಳೆ ಕಡ್ಡಿಯನ್ನು ಪುಡಿ ಮಾಡಿಸಿ ರಾಬರ್ಟ್‌ಸನ್‌ಪೇಟೆಯ ಕಾಲೇಜಿಗೆ ತರುತ್ತಿದ್ದ. ಅಲ್ಲಿ ಲ್ಯಾಬ್ ನೋಡಿಕೊಳ್ಳುವವಳು ಅವಳು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ನಿವೃತ್ತ ಅಧಿಕಾರಿಯೊಬ್ಬರಿಂದ ಹಳೇ ಮೈಕ್ರೋವೇವ್ ಓವನ್ ಕೊಂಡು, ಅದರಲ್ಲಿ ಈ ಪುಡಿಯನ್ನು ಕಾಯಿಸಿ ಒಲೆಗೆ ಗ್ಯಾಸ್ ತೆಗೆದೇ ತೀರುತ್ತೇನೆಂದು ಹಟ ಹಿಡಿದಿದ್ದಳು.

ಮೊದಲ ಸಲ ಓವನ್ನಿನಿಂದ ಗ್ಯಾಸ್ ಹೊರಬರುವ ಕೊಳವೆಯ ತುದಿಯಲ್ಲಿ ನೀಲಿ ಉರಿ ಎದ್ದಿತ್ತು. ಅವಳು ಇವನ ಕಡೆ ತಿರುಗಿ ನಕ್ಕಿದ್ದಳು. ಆ ಒಂದು ನಗೆಗೆ ಸೋತು ಇವನು ಹೊಸ ಚೀಲ ತಂದ, ಪುಡಿಯನ್ನು ಜರಡಿ ಹಿಡಿದ, ಮಾಳಿಗೆಯ ಮೇಲೆ ಗರಿಗರಿಯಾಗಿ ಒಣಗಿಸಿದ. ಅಂದಿನಿಂದ ಪುಡಿ ಬಿಸಿಯೇ ಏರಲಿಲ್ಲ.

ಮರುದಿನ ಬೆಂಗಳೂರಿನಿಂದ ಪ್ರೊಫೆಸರ್ ಬರುವವರಿದ್ದರು. ಉರಿ ಕಂಡರೆ ಅವಳಿಗೆ ಅಲ್ಲಿ ಸಂಶೋಧನೆಯ ಸೀಟು. ಕಾಣದಿದ್ದರೆ ಓವನ್ ಗುಜರಿಗೆ, ಅವಳು ಇಲ್ಲೇ.

ಮೊದಲ ಸಲಕ್ಕೂ ಈಗಿನದಕ್ಕೂ ಏನು ವ್ಯತ್ಯಾಸವೆಂದು ಅವಳು ಕೇಳಿದಾಗ ಅವನಿಗೆ ಥಟ್ಟನೆ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಇವಳು ಎಲ್ಲಿಗೂ ಹೋಗುವುದಿಲ್ಲ. ಆಸೆ ಯಾರಿಗಿಲ್ಲ? ಆದರೆ ಅವಳ ಸೋತ ಮುಖ ನೋಡಿಕೊಂಡು ಬಾಳುವುದೂ ಒಂದು ಬಾಳೇ?

"ಆವತ್ತಿನ ಚೀಲ ಇದ್ದಿಲಿಂದು. ತಳದಾಗೆ ಇದ್ದಿಲಪುಡಿ ಇತ್ತು. ನಿಮಗೆ ಚೆನ್ನಾಗಿರೋದು ತರಾನ ಅಂತ ನಾನೇ ಕೆಡಿಸ್ದೆ."

ಅವಳ ಕಣ್ಣು ಅರಳಿತು. ಒಣಗಿದ ಕಡ್ಡಿಪುಡಿ ಮೈಕ್ರೋವೇವ್ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ, ಇದ್ದಿಲಾದರೆ ಹೀರಿ ಕೆಂಪಗೆ ಕಾದು ಸುತ್ತಲಿನದನ್ನೂ ಕಾಯಿಸುತ್ತದೆ ಎಂದು ಗಡಿಬಿಡಿಯಲ್ಲಿ ವಿವರಿಸಿದಳು. ಎದುರಿನ ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದು ಇಬ್ಬರೂ ಕುಟ್ಟಿ ಬೆರೆಸಿದರು. ಬೆರಳಿಗೆ ಬೆರಳು ತಾಗಿತು. ಯಾರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಮರುದಿನ ಉರಿ ನಿಂತು ಉರಿಯಿತು. ಜೂನ್‌ಗೆ ಬಂದು ಸೇರಿಕೊಳ್ಳಿ ಎಂದು ಪ್ರೊಫೆಸರ್ ಹೇಳಿ ಹೋದರು.

"ಓಗಿ ಬನ್ನಿ ಮೇಡಂ," ಎಂದ ಸೊಣ್ಣಪ್ಪ, ಖಾಲಿ ಚೀಲ ಮಡಿಸುತ್ತ.

"ನೀವು ಸುಮ್ನಿದ್ದಿದ್ರೆ ನಾನು ಇಲ್ಲೇ ಇರ್ತಿದ್ನಲ್ಲ. ಯಾಕೆ ಹೇಳಿದ್ರಿ?"

"ನೀವಂದ್ರೆ ನಂಗೆ ಪ್ರಾಣ. ಅದಕ್ಕೆ."

ಗಂಗರತ್ನ ನಿಧಾನವಾಗಿ ಕೈ ಒರೆಸಿಕೊಂಡಳು. "ನಂಗೆ ಹಾಸ್ಟೆಲ್ ಊಟ ಆಗಲ್ಲ. ದಿನಾ ರೈಲಲ್ಲಿ ಓಡಾಡ್ತೀನಿ. ನಿಮ್ಮನೆ ಬಂಗಾರಪೇಟೆ ಸ್ಟೇಷನ್‌ಗೆ ಹತ್ರ ಅಲ್ವಾ?"

ಹತ್ತಿರವೇ ಎಂದು ಅವನು ತಲೆಯಾಡಿಸಿದ. ಮಾತಿನ ಅರ್ಥ ಆಮೇಲೆ ತಲೆಗೆ ಹೋಯಿತು.

"ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಆಂಡರ್ಸನ್‌ಪೇಟೆಗೆ, ನಮ್ಮನೆಗೆ ಬನ್ನಿ," ಎಂದಳು ಅವಳು. "ನಮ್ಮಪ್ಪನ್ನ ನಾನು ಒಪ್ಪಿಸ್ತೀನಿ."