ಅವ್ವಿ ಎಂಬ ಅಚ್ಚಿನ ತಪ್ಪು

ಸಂಜೆ ಕಾಲೇಜಿನಲ್ಲಿ ಓದಿದ ನಾನು ಪುಸ್ತಕಗಳ ಬಗ್ಗೆ ಅಭಿಪ್ರಾಯ ಹೇಳುವುದೇ ಅಧಿಕಪ್ರಸಂಗ. ಈ ಘಟನೆಯನ್ನೂ ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ.

ಈಚೆಗೆ ಒಂದು ಪ್ರೇಮ-ಪತ್ತೇದಾರಿ ಕಾದಂಬರಿ ಓದಿದೆ. ಪುಟಪುಟಕ್ಕೂ ಕತ್ತಲೆ, ಹೆಜ್ಜೆ ಸಪ್ಪಳ ಇದ್ದರೂ ಭಯವಾಗಲಿಲ್ಲ. ಭಯವಾದದ್ದು ಇಳಕಲ್‌ನಲ್ಲಿ ಸೀರೆ ನೇಯುತ್ತಿದ್ದ ಬನಶಂಕರಿಯವರ ಆತ್ಮಕಥೆ ಓದುವಾಗ.

ಅವರು ತೀರಿಕೊಂಡ ಮೇಲೆ ಅದು ಅಚ್ಚಾಗಿತ್ತು. ಮಗಳು ದಾನಮ್ಮ ನನ್ನನ್ನು ಮನೆಗೆ ಕರೆದು, “ನೀವ ಓದಿ ಹೇಳ್ರಿ ಅಕ್ಕಾರ. ಅದರಾಗ ನನ್ನ ಸುದ್ದೀನ ಇಲ್ಲಂದ್ರ? ನನಗ ತೆರಿಯಾಕ ಧೈರ್ಯ ಇಲ್ಲ” ಎಂದಳು.

ಗಟ್ಟಿಯಾಗಿ ಓದತೊಡಗಿದೆ. ‘ನಾನು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಅವ್ವಿ ಮಗ್ಗದ ಕುಣಿಯ ದಂಡೆಯಲ್ಲೇ ಮಲಗುತ್ತಿದ್ದಳು’ ಎಂದಿತ್ತು. ಅಚ್ಚಿನ ತಪ್ಪೆಂದುಕೊಂಡು ‘ಅವ್ವ’ ಎಂದು ತಿದ್ದಿ ಓದಿದೆ. ಕಾಲಡಿಯ ನೆಲದಿಂದ ಮಗ್ಗ ಬಡಿದಂತೆ ಒಂದು ಪೆಟ್ಟು ಕೇಳಿತು. ಮುಂದಿನ ಪುಟದಲ್ಲೂ ತಿದ್ದಿದೆ, ಮತ್ತೆ ಪೆಟ್ಟು. ಅಂಗಾಲು ತಣ್ಣಗಾಯಿತು. ನೂಲಿಗೆ ಹಚ್ಚುವ ಹಸಿ ಗಂಜಿಯ ವಾಸನೆ ಬಂತು. ಹೆದರಿ, ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ: ‘ಅವ್ವಿ ನಕ್ಕರೆ ನನ್ನ ಬೆನ್ನುನೋವು ಮರೆಯುತ್ತಿತ್ತು.’ ಸಪ್ಪಳ ನಿಂತಿತು.

ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅದು ನಾನ ರೀ! ನನಗ ನಮ್ಮಪ್ಪನ ತಾಯಿ ಹೆಸರ ಇಟ್ಟಾರ. ತನ್ನ ಅತ್ತಿ ಹೆಸರ ಹೇಳಬಾರದಂತ ಅವ್ವ ನನಗ ಅವ್ವಿ ಅಂತಿದ್ಲು. ಹಿಂದಿನ ಪುಟದಾಗೂ ಹಂಗ ಇರಬೇಕಲ್ಲ, ಮೊದಲ ಯಾಕ ಅವ್ವ ಅಂತ ಓದಿದ್ರಿ?”

“ತಪ್ಪಾತು ದಾನಮ್ಮ. ಮಗ್ಗದ ಸಪ್ಪಳ ಕೇಳಿದ ಮ್ಯಾಲ…”

“ಯಾವ ಮಗ್ಗ? ನೀವ ಕುಂತಲ್ಲಿದ್ದ ಕುಣಿ ಮುಚ್ಚಿ ಫರಸಿ ಕಲ್ಲು ಹಾಸೇವಲ್ರಿ.”

ಅವಳಿಗೆ ಏನೂ ಕೇಳಿಸಿರಲಿಲ್ಲ. ಆತ್ಮಕಥೆ ಚೆನ್ನಾಗಿದೆ ಎಂಬುದಷ್ಟೇ ನನ್ನ ಅಭಿಪ್ರಾಯ. ನನ್ನ ಓದನ್ನು ತಿದ್ದಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.