ದೀಪಶ್ರೀಯ ಕ್ವೇಸಾರ್ ಡಬ್ಬ

“ಲೇ ನಯನ, ಬಣ್ಣವೇ ಕಾಣ್ತಿಲ್ಲ ಕಣೇ!”

ದೀಪಶ್ರೀ ಚಪ್ಪಲಿ ಡಬ್ಬದ ಇಣುಕು ತೂತಿಗೆ ಒಂದು ಕಣ್ಣು ಒತ್ತಿ ನೋಡುತ್ತಿದ್ದಳು. ಒಳಗೆ ಬರೀ ಬಿಳಿ ಮಬ್ಬು. ಜಡ್ಜ್ ಸಾರ್ ಆಗಲೇ ಪಕ್ಕದ ಟೇಬಲ್‌ಗೆ ಬಂದುಬಿಟ್ಟಿದ್ದರು. ಅದಾದ ಮೇಲೆ ಇವರದೇ, ಕೊನೇ ಟೇಬಲ್.

ಅಜ್ಜಂಪುರದಲ್ಲಿ ಅವತ್ತು ತಾಲ್ಲೂಕು ಮಟ್ಟದ ವಿಜ್ಞಾನ ಪ್ರದರ್ಶನ. ಮೊದಲ ಸ್ಥಾನ ಬಂದವರಿಗಷ್ಟೇ ಜಿಲ್ಲಾ ಮಟ್ಟಕ್ಕೆ, ಚಿಕ್ಕಮಗಳೂರಿಗೆ ಹೋಗುವ ಅವಕಾಶ. ಬುಕ್ಕಾಂಬುಧಿಯ ಆರನೇ ಕ್ಲಾಸಿನ ದೀಪಶ್ರೀಗೂ ನಯನಾಗೂ ಒಂದು ತಿಂಗಳಿಂದ ಅದೇ ಕನಸು.

ಡಬ್ಬ ಅಂದರೆ ಸುಮ್ಮನೆ ಡಬ್ಬವಲ್ಲ. ಒಂದು ತುದಿಯಲ್ಲಿ ತೆಳ್ಳಗಿನ ಸೀಳು, ಇನ್ನೊಂದು ತುದಿಯಲ್ಲಿ ಅಂಟಿಸಿದ ಹಳೇ ಸಿ.ಡಿ. ಚೂರು. ಸೀಳಿನಿಂದ ಬಂದ ಬೆಳಕು ಸಿ.ಡಿ.ಗೆ ಬಡಿದು ಬಣ್ಣಬಣ್ಣವಾಗಿ ಹರಡಿಕೊಳ್ಳುತ್ತದೆ. ನಿನ್ನೆ ಸಂಜೆ ಎಷ್ಟು ಚೆನ್ನಾಗಿ ಕಂಡಿತ್ತು!

ದೀಪಶ್ರೀ ಗಡಿಬಿಡಿಯಲ್ಲಿ ಮುಚ್ಚಳ ತೆಗೆದಳು. ಸಿ.ಡಿ. ಮೇಲೆ ಅಡ್ಡಡ್ಡಲಾಗಿ ಮೂರು ಬಿಳಿ ಪಟ್ಟೆ!

“ಅಜ್ಜೀ! ಏನಿದು?”

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಪ್ರೇಮಮ್ಮಜ್ಜಿ ಎದ್ದು ಬಂದರು. “ವಿಭೂತಿ ಕಣವ್ವ. ಬೆಳಿಗ್ಗೆ ನೀನು ತಲೆ ಬಾಚ್ಕೋತಿದ್ದಾಗ ಹಚ್ದೆ. ಹೊಸ ಟ್ರ್ಯಾಕ್ಟರ್‌ಗೆ ಹಚ್ಲಿಲ್ವಾ? ಬೋರಿನ ಮೋಟಾರ್‌ಗೆ ಹಚ್ಲಿಲ್ವಾ? ಇದು ಫಳಫಳ ಹೊಳೀತಿತ್ತು. ಇದೇ ಇದರ ಮುಖ ಇರ್ಬೇಕು ಅಂತ ಅಲ್ಲಿಗೇ ಹಚ್ದೆ!”

ಹೇಳುವಾಗ ಅಜ್ಜಿ ಹೇಗೆ ಬೀಗುತ್ತಿದ್ದರು ಅಂತೀರಿ! ಬೆಳಿಗ್ಗೆ ಬಸ್ಸಿನಲ್ಲೂ ಹಾಗೇ. “ನಮ್ಮ ದೀಪಿ ಕ್ವೇಸಾರ್ ಮಾಡವ್ಳೆ ಕಣ್ರೀ” ಅಂತ ಕಂಡಕ್ಟರಿಂದ ಹಿಡಿದು ಹಿಂದಿನ ಸೀಟಿನವರ ತನಕ ಎಲ್ಲರಿಗೂ ಹೇಳಿದ್ದರು. ದೀಪಶ್ರೀ ನಾಚಿಕೆಯಿಂದ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಈಗ ಅವಳಿಗೆ ಅಳುವೇ ಬಂತು. ಕರ್ಚೀಫು ಒದ್ದೆ ಮಾಡಿ ಕೆಳಗಿನ ಪಟ್ಟೆಯನ್ನು ಉಜ್ಜಿದಳು. ಅದು ಅರ್ಧ ಸಿ.ಡಿ.ಗೆ ಬಳಿದುಕೊಂಡಿತು.

“ಸಾಕು ಬಿಡೇ, ಇನ್ನೂ ಕೆಟ್ಟೋಯ್ತು!” ನಯನ ಅವಳ ಕೈ ಹಿಡಿದಳು. “ಬಸ್ಸಲ್ಲಿ ಧೂಳು ಬಿತ್ತು ಅಂತ ಹೇಳೋಣ. ವಿಭೂತಿ ಅಂದ್ರೆ ನಮ್ಮನ್ನ ಆಡ್ಕೊಂಡು ನಗ್ತಾರೆ.”

ಅಷ್ಟರಲ್ಲಿ ಜಡ್ಜ್ ಬಂದೇಬಿಟ್ಟರು. ಕಡೂರಿನ ಕಾಲೇಜಿನಲ್ಲಿ ಪಾಠ ಮಾಡುವ ಚಂದ್ರಶೇಖರ ಸಾರ್. “ಏನಮ್ಮ ನಿಮ್ಮ ಪ್ರಾಜೆಕ್ಟು?”

ದೀಪಶ್ರೀ ಟೇಬಲ್ ಮೇಲೆ ಬೇರೆಯಾಗಿ ಇಟ್ಟಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯ ಎರಡು ತೂತುಗಳನ್ನು ತೋರಿಸಿದಳು. ಎರಡರಲ್ಲೂ ಬೆಳಕು ಮಿನುಗುತ್ತಿತ್ತು.

“ಸಾರ್, ಎರಡೂ ಒಂದೇ ಥರ ಚುಕ್ಕಿ. ಆದ್ರೆ ಒಂದರ ಹಿಂದೆ ಹಳೇ ಬಲ್ಬ್ ಇದೆ, ಇನ್ನೊಂದರ ಹಿಂದೆ ಸಿ.ಎಫ್.ಎಲ್. ಕ್ವೇಸಾರೂ ಹಿಂಗೇ. ಚುಕ್ಕಿ ಥರ ಕಾಣುತ್ತೆ ಅಂತ ಮೊದ್ಲು ಅದನ್ನ ನಕ್ಷತ್ರ ಅಂದ್ಕೊಂಡಿದ್ರು. ಬೆಳಕನ್ನ ಬಣ್ಣವಾಗಿ ಬಿಡಿಸಿ ನೋಡಿದ್ರೆ, ಅದರ ಗೆರೆಗಳು ಕೆಂಪಿನ ಕಡೆಗೆ ಸರ್ಕೊಂಡಿದ್ವು! ಅಂದ್ರೆ ಅದು ತುಂಬಾ ತುಂಬಾ ದೂರ ಇದೆ ಅಂತ. ಅದು ಒಂದು ಗ್ಯಾಲಕ್ಸಿಯ ನಡುಭಾಗ ಸಾರ್. ಅಲ್ಲೊಂದು ದೈತ್ಯ ಬ್ಲ್ಯಾಕ್ ಹೋಲ್. ಅದರ ಸುತ್ತ ಗ್ಯಾಸ್ ಗಿರಗಿರ ಸುತ್ತಿ, ಕಾದು, ಇಡೀ ಗ್ಯಾಲಕ್ಸಿಗಿಂತ ಜಾಸ್ತಿ ಬೆಳಗುತ್ತೆ.”

ಸಾರ್ ಡಬ್ಬದೊಳಗೆ ಇಣುಕಿದರು. “ಮಾತು ಚೆನ್ನಾಗಿದೆ. ಬಣ್ಣ ಎಲ್ಲಮ್ಮ?”

“ಬಸ್ಸಲ್ಲಿ ಧೂಳು...” ಅಂತ ನಯನ ಶುರು ಮಾಡಿದಳು.

“ಧೂಳಲ್ಲ ಸಾರ್, ವಿಭೂತಿ,” ಅಂದರು ಅಜ್ಜಿ. “ನಾನೇ ಹಚ್ಚಿದ್ದು.”

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. “ಕ್ವೇಸಾರ್‌ಗೆ ಪೂಜೆ ಆಗೈತೆ ಕಣ್ರೋ, ಮಂಗಳಾರತಿ ಯಾವಾಗ?” ಅಂತ ಯಾರೋ ಕೂಗಿದರು.

ಅಜ್ಜಿಯ ಮುಖ ಚಿಕ್ಕದಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, “ತಪ್ಪಾಯ್ತೇನವ್ವ ದೀಪಿ?” ಅಂದರು.

ದೀಪಶ್ರೀಗೆ ಎಲ್ಲಿತ್ತೋ ಸಿಟ್ಟು! ಅಜ್ಜಿಯ ಮೇಲಿದ್ದ ಸಿಟ್ಟೆಲ್ಲ ನಗುವವರ ಮೇಲೆ ತಿರುಗಿತು.

“ನಮ್ಮಜ್ಜಿ ಏನೂ ತಪ್ಪು ಮಾಡಿಲ್ಲ ಸಾರ್,” ಅವಳು ಗಟ್ಟಿಯಾಗಿ ಹೇಳಿದಳು. “ಮನೆಗೆ ಹೊಸ ಮೆಷಿನ್ ಬಂದ್ರೆ ವಿಭೂತಿ ಹಚ್ಚೋದು ಅಜ್ಜೀನೇ. ಇದೂ ಮೆಷಿನ್ನೇ. ಒಂದು ನಿಮಿಷ ಕೊಡಿ ಸಾರ್.”

ಸಿ.ಡಿ.ಯನ್ನು ಹತ್ತಿರದಿಂದ ನೋಡಿದಳು. ಉಜ್ಜಿದ ಕೆಳಭಾಗ ಪೂರ್ತಿ ಹಾಳು. ಆದರೆ ಮೇಲಿನ ಎರಡು ಪಟ್ಟೆಗಳ ನಡುವೆ ಒಂದಿಷ್ಟು ಜಾಗ ಹೊಳೆಯುತ್ತಿತ್ತು. ಮೂರು ಬೆರಳಲ್ಲಿ ವಿಭೂತಿ ಎಳೆದರೆ ನಡುವೆ ಸಂದು ಉಳಿಯಲೇಬೇಕಲ್ಲ!

ಮುಚ್ಚಳ ಹಾಕಿ ಡಬ್ಬವನ್ನು ಸ್ವಲ್ಪ ಓರೆ ಮಾಡಿದಳು, ಸ್ವಲ್ಪ ಎತ್ತಿದಳು, ಮತ್ತೂ ಸ್ವಲ್ಪ ಎತ್ತಿದಳು. ಬಂತು! ನೇರಳೆ, ಹಸಿರು, ಕೆಂಪು!

“ಹಿಂಗೇ ಹಿಡ್ಕೊಂಡು ನೋಡಿ ಸಾರ್.”

ಸಾರ್ ನೋಡಿದರು. ಹಳೇ ಬಲ್ಬಿನ ಬೆಳಕು ಒಂದೇ ಉದ್ದ ಪಟ್ಟಿಯಾಗಿ ಹರಡಿತ್ತು. ಸಿ.ಎಫ್.ಎಲ್. ಬೆಳಕು ಬಿಡಿಬಿಡಿ ಗೆರೆಗಳಾಗಿ ನಿಂತಿತ್ತು. “ಅರೆ!” ಅಂದರು. “ಆ ಸಂದು ಹುಡುಕ್ಬೇಕು ಅಂತ ಹೆಂಗೆ ಹೊಳೀತಮ್ಮ?”

“ಧೂಳಿನ ಹಿಂದೆ ಇರೋ ಕ್ವೇಸಾರ್‌ಗಳೂ ಇದಾವೆ ಸಾರ್. ಮಸುಕು ಅಂತ ವಿಜ್ಞಾನಿಗಳು ನೋಡೋದು ಬಿಟ್ಟಿಲ್ವಲ್ಲ.”

ಸಾರ್ ಜೋರಾಗಿ ನಕ್ಕರು. ಅದು ಗೇಲಿಯ ನಗುವಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. “ಚಿಕ್ಕಮಗಳೂರಿಗೆ ಬರೋವಾಗ ಹೊಸ ಸಿ.ಡಿ. ಅಂಟಿಸ್ಕೊಂಡು ಬನ್ನಿ,” ಅಂದು ಹೊರಟರು.

ನಯನ ನಿಂತಲ್ಲೇ ಕುಣಿದಳು. ದೀಪಶ್ರೀ ಮಾತ್ರ ಅಜ್ಜಿಯ ಕೈಗೆ ಡಬ್ಬ ಕೊಟ್ಟಳು. ಅಜ್ಜಿ ಬಹಳ ಹೊತ್ತು ಇಣುಕಿದರು.

ಆಮೇಲೆ ಮೆಲ್ಲಗೆ ಕೇಳಿದರು: “ದೀಪಿ, ಈ ಕ್ವೇಸಾರ್ ಅಂದ್ರೆ ಏನವ್ವ?”

ದೀಪಶ್ರೀ ಅಜ್ಜಿಯನ್ನೇ ನೋಡಿದಳು. ಬಸ್ಸಿನ ದಾರಿಯುದ್ದಕ್ಕೂ ಅಜ್ಜಿ ಹೆಮ್ಮೆಪಟ್ಟಿದ್ದು ಯಾರ ಬಗ್ಗೆ ಅಂತ ಅವಳಿಗೆ ಈಗ ತಿಳಿಯಿತು.

ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದಳು.

“ಕೂತ್ಕೋ ಅಜ್ಜಿ, ಮೊದ್ಲಿಂದ ಹೇಳ್ತೀನಿ,” ಅಂದಳು, ಇಡೀ ಹಾಲ್‌ಗೆ ಕೇಳುವ ಹಾಗೆ.