ಒಂದು ವರ್ಷ ಎಂದರೆ ಎಷ್ಟು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ಗೌರಮ್ಮ, ಎಲೆಗೆ ಸುಣ್ಣ ಸವರುತ್ತ.

ಯಾರ ನೆನಪಿಗೂ ನಿಲುಕದಷ್ಟು ಹಿಂದೆ ಹಂಸಾವತಿ ಎಂಬ ರಾಜ್ಯವಿತ್ತು. ಅಲ್ಲಿ ಸೆರೆಮನೆ ಇರಲಿಲ್ಲ. ತಪ್ಪು ಮಾಡಿದವರನ್ನು ಮಂತ್ರವಾದಿ ಕರಿಗಣ್ಣ ಕೊಕ್ಕರೆ ಮಾಡಿ ಅರಮನೆಯ ಕೆರೆಗೆ ಬಿಡುತ್ತಿದ್ದ. ಎಷ್ಟು ವರ್ಷ ಎಂದು ಹೇಳುವವರು ಧರ್ಮಾಧಿಕಾರಿ ಶಾಂತಪ್ಪಯ್ಯ. ಅವರು ಹೇಳಿದ ವರ್ಷಗಳೆಲ್ಲ ಕರಿಗಣ್ಣನ ಆಯುಷ್ಯಕ್ಕೆ ಸೇರುತ್ತಿದ್ದವು. ಇದು ಅವನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಊರಿನ ದೇವೀರಿಗೆ ಚಳಿಜ್ವರ ಬಂತು. ಗಂಡ ಚೆಲುವಯ್ಯ ಅರಮನೆಯ ಶಾಲೊಂದನ್ನು ಕದ್ದು ತಂದು ಹೊದಿಸಿದ, ಸಿಕ್ಕಿಬಿದ್ದ. "ಹನ್ನೆರಡು ವರ್ಷ" ಎಂದರು ಧರ್ಮಾಧಿಕಾರಿ. ಚೆಲುವಯ್ಯ ಕೊಕ್ಕರೆಯಾಗಿ ಹಾರಿಹೋದ. ಅದೇ ದಿನ, ಊಟವಾದ ಮೇಲೆ, ಅಂಥದೇ ಶಾಲು ಕದ್ದ ಜರಿಪೇಟದ ಹುಡುಗನಿಗೆ ಸಿಕ್ಕಿದ್ದು ಒಂದೇ ವರ್ಷ.

ದೇವೀರಿ ದಿನಾ ಹೋಗಿ ಕೆರೆ ಏರಿಯ ಮೇಲೆ ಕೂರುವಳು. ನೂರಾರು ಕೊಕ್ಕರೆಗಳಲ್ಲಿ ತನ್ನವನು ಯಾವನೋ. 'ಮುಖ ತಿರುಗಿಸಿಕೊಂಡು ನಿಂತಿರೋನೇ ಇರಬೇಕು, ಮನೇಲೂ ಹಂಗೇ' ಎಂದುಕೊಂಡು ಅದಕ್ಕೆ ಊರ ಸುದ್ದಿಯೆಲ್ಲ ಹೇಳುವಳು.

ಶಿಕ್ಷೆಯ ಮೇಲೆ ಮೂರು ಸಲ ಮೊರೆಯಿಡಬಹುದು ಎನ್ನುವುದು ಆ ರಾಜ್ಯದ ಕಟ್ಟಳೆ.

ಮೊದಲ ಸಲ ದೇವೀರಿ ಮಾಸಿದ ಸೀರೆಯಲ್ಲೇ ಹೋದಳು. ಊಟದ ಹೊತ್ತು ಮೀರಿತ್ತು. ಅವಳ ಮಾತು ಮುಗಿಯುವ ಮೊದಲೇ ಧರ್ಮಾಧಿಕಾರಿ "ಹದಿನಾಲ್ಕು" ಎಂದರು.

ಎರಡನೆಯ ಸಲ ನೆರೆಮನೆಯವಳ ರೇಷ್ಮೆ ಸೀರೆ ಉಟ್ಟು, ಅವರು ಉಂಡು ಎಲೆ ಹಾಕಿಕೊಳ್ಳುವ ಹೊತ್ತಿಗೆ ಹೋದಳು. "ಪಾಪ, ಆರು ಸಾಕು" ಎಂದರು. ಕರಿಗಣ್ಣ ಚಿಟಿಕೆ ಹೊಡೆದ. ಅಂಗಳದ ಕಾಗೆಗಳೆಲ್ಲ ಮನುಷ್ಯರಾಗಿ "ಕಳ್ಳನಿಗೆ ಕರುಣೆಯೇ" ಎಂದು ಕೂಗಿದವು.

"ಜನ ಒಪ್ಪೋದಿಲ್ಲಮ್ಮ. ಹದಿನಾಲ್ಕೇ ಇರಲಿ" ಎಂದರು ಧರ್ಮಾಧಿಕಾರಿ, ಸುಣ್ಣ ಇನ್ನಷ್ಟು ಇರಲಿ ಅಂದ ಹಾಗೆ.

ಆ ದನಿಯೇ ದೇವೀರಿಯ ತಲೆಯಲ್ಲಿ ಉಳಿಯಿತು. ಮೂರನೆಯ ಸಲ ಹೋದಾಗ ಅವಳು ಗಂಡನ ಮಾತೆತ್ತಲಿಲ್ಲ.

"ಬುದ್ಧಿ, ಒಂದು ವರ್ಷ ಅಂದ್ರೆ ಎಷ್ಟು?"

"ಹನ್ನೆರಡು ತಿಂಗಳು. ಅದೂ ಗೊತ್ತಿಲ್ಲವೇ?"

"ನನ್ನ ಲೆಕ್ಕ ಬೇರೆ, ಬುದ್ಧಿ. ಇಬ್ಬರಿಗಾಗೋವಷ್ಟು ಮುದ್ದೆ ತಿರುವಿ, ಮಿಕ್ಕಿದ್ದನ್ನ ನಾಳೆ ತಿನ್ನೋದು. ಚಾಪೆಯ ಆ ಅರ್ಧಕ್ಕೆ ಕಾಲು ಚಾಚದೆ ಮಲಗೋದು. ಬೈಯೋಕೆ ಬಾಯಿ ತೆರೆದು, ಯಾರೂ ಇಲ್ಲ ಅಂತ ಮುಚ್ಚಿಕೊಳ್ಳೋದು. ಅವನು ಕದ್ದದ್ದು ನಿಜ, ಶಿಕ್ಷೆ ಕೊಡಿ. ಎಷ್ಟು ಕೊಡ್ತಿದ್ದೀನಿ ಅಂತ ತಿಳಿದು ಕೊಡಿ."

ಕರಿಗಣ್ಣನ ಸೊಂಟದಲ್ಲಿದ್ದ ಮುಚ್ಚಳದ ತಾಮ್ರದ ಕರಡಿಗೆ ಗಡಗಡ ಅಲ್ಲಾಡಿತು.

"ಅದರಲ್ಲೇನಿದೆ?" ಎಂದರು ಧರ್ಮಾಧಿಕಾರಿ.

"ತಮ್ಮದೇ ಹಂಬಲ, ಸ್ವಾಮಿ. ತಮ್ಮ ಮಡದಿಯವರು ತೀರಿಕೊಂಡಾಗ ತೆಗೆದುಬಿಡು ಎಂದಿರಲ್ಲ. ಈಗ್ಯಾಕೆ ಅದು?" ಎಂದ ಕರಿಗಣ್ಣ.

ದೇವೀರಿ ಕೈಹಾಕಿ ಮುಚ್ಚಳ ಕಿತ್ತಳು. ಸೀಗೆ ಹಚ್ಚಿ ಮಿಂದ ಕೂದಲಿನ ವಾಸನೆ ಸಭೆಯನ್ನೆಲ್ಲ ತುಂಬಿತು. ಪಕ್ಕದಲ್ಲಿ ಯಾರೋ ಬಂದು ಕೂತಂತೆ ಧರ್ಮಾಧಿಕಾರಿ ತಿರುಗಿದರು. ಯಾರೂ ಇರಲಿಲ್ಲ.

"ಅವಳು ಹೋಗಿ ಎಷ್ಟು ವರ್ಷವಾಯಿತು?" ಎಂದು ಕೇಳಿದರು.

"ಒಂಬತ್ತು" ಎಂದ ಲೆಕ್ಕ ಬರೆಯುವ ಕರಣಿಕ.

"ಒಂಬತ್ತು. ಎಷ್ಟು ಜನಕ್ಕೆ ಹೇಳಿಬಿಟ್ಟೆ, ವರ್ಷ ಎನ್ನುವ ಈ ಮಾತನ್ನು."

ಅವರು ತಾವು ಕೊಟ್ಟ ವರ್ಷಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಪಡೆದರು. ಒಂದೊಂದಕ್ಕೂ ಕರಿಗಣ್ಣ ಬಾಗಿದ, ಒಣಗಿದ, ಕೊನೆಗೆ ಬೂದಿಯಾಗಿ ಕಸಬರಿಗೆಯ ಪಾಲಾದ. ಕೆರೆಯಿಂದ ಜನ ಒದ್ದೆ ಕಾಲಲ್ಲಿ ಎದ್ದು ಬಂದರು. ದೇವೀರಿ ಸುದ್ದಿ ಹೇಳುತ್ತಿದ್ದ ಕೊಕ್ಕರೆ ಯಾರೋ ಅಪರಿಚಿತ ಮುದುಕಪ್ಪ.

"ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ತಿದ್ದೆ ಕಣೆ" ಎಂದ ಚೆಲುವಯ್ಯ.

ತೆರೆದಿದ್ದ ಬಾಯಿಗೆ ಕೊನೆಗೂ ಕೆಲಸ ಸಿಕ್ಕಿತು. ದೇವೀರಿ ಮನೆ ಮುಟ್ಟುವವರೆಗೂ ಬೈದಳು.

ಚಳಿಗಾಲ ಕಳೆಯುವವರೆಗೆ ಅರಮನೆಗೆ ಸೌದೆ ಒಡೆಯುವುದು, ಸಂಜೆ ಮನೆಗೆ ಹೋಗುವುದು: ಚೆಲುವಯ್ಯನಿಗೆ ಆದ ಹೊಸ ಶಿಕ್ಷೆ ಅಷ್ಟೆ. ಅಂದಿನಿಂದ ಧರ್ಮಾಧಿಕಾರಿ ಉಂಡು ಬಂದು, ಕಿಟಕಿ ಮುಚ್ಚಿಸಿ, ಎದುರಿಗಿದ್ದವರ ಬಟ್ಟೆ ಕಾಣದಂತೆ ಪರದೆ ಇಳಿಸಿ ವಿಚಾರಣೆ ಮಾಡಿದರು. "ಕರಡಿಗೆ ಮುಚ್ಚಿಡಲೇ?" ಎಂದು ಕರಣಿಕ ಕೇಳಿದರೆ "ಬೇಡ, ಇರಲಿ" ಎನ್ನುತ್ತಿದ್ದರು. ಎಲ್ಲರೂ ಸುಖವಾಗಿದ್ದರು. ಪೀಠದ ಅರ್ಧ ಭಾಗ ಖಾಲಿ ಬಿಟ್ಟು ಕೂತು, ಧರ್ಮಾಧಿಕಾರಿಯೂ.

ಕತೆ ನಿಮ್ಮಲ್ಲೇ ನಿಂತರೆ ಅತ್ತೆ ಸುಮ್ಮನಿರುವುದಿಲ್ಲ. ನಿಮ್ಮ ಪಕ್ಕದಲ್ಲಿ ಯಾರಾದರೂ ಇದ್ದರೆ, ಇರುವಾಗಲೇ ಅವರಿಗೆ ಹೇಳಿಬಿಡಿ.